ಅಮ್ಮನ ಫೋನನ್ನು ಚೊಕ್ಕ ಮಾಡಿದ ಮಗ

ಆಪ್ತಸಲಹೆಗೆ ನನ್ನಲ್ಲಿಗೆ ಬರುವ ಮುಂಚೆ ತುಂಬಿ ಕಳಿಸುವ ಫಾರಂನಲ್ಲಿ ಮಗ ಬರೆದಿದ್ದು ಇಷ್ಟು: ‘ತಾಯಿಗೆ 63. ಎರಡು ತಿಂಗಳಿಂದ ಮರೆವು. ಫೋನ್ ಬಳಸೋಕೆ ಬರ್ತಿಲ್ಲ. ಮೊದಲು ಎಲ್ಲ ಅವರೇ ಮಾಡಿಕೊಳ್ತಿದ್ದರು. ಅಲ್ಜೈಮರ್ ಇರಬಹುದೇ?’

ತಾಯಿಯನ್ನು ಸರೋಜಮ್ಮ, ಮಗನನ್ನು ಕಿರಣ್ ಎಂದು ಕರೆಯುತ್ತೇನೆ. ಹೆಸರು, ಊರು, ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಸರೋಜಮ್ಮ ನಿವೃತ್ತ ಗಣಿತ ಶಿಕ್ಷಕಿ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಒಬ್ಬರೇ ಇರುತ್ತಾರೆ. ಊರ ಹೊರಗೆ ಸ್ವಲ್ಪ ಅಡಿಕೆ ತೋಟ ಇದೆ. ಕೋವಿಡ್ ಕಾಲದಲ್ಲಿ ಫೋನಿನ ವ್ಯವಹಾರ ಕಲಿತವರು ಆಮೇಲೆ ಕರೆಂಟ್ ಬಿಲ್ಲು, ಗ್ಯಾಸು, ತೋಟದವರ ಕೂಲಿ ಎಲ್ಲವನ್ನೂ ಅದರಲ್ಲೇ ಮುಗಿಸುತ್ತಿದ್ದರು. ಈಗ ಬೆಂಗಳೂರಿನಲ್ಲಿರುವ ಮಗನಿಗೆ ಆಫೀಸಿನ ಹೊತ್ತಿನಲ್ಲಿ ಕರೆ ಮಾಡಿ, ‘ದುಡ್ಡು ಹಾಕೋದು ಎಲ್ಲಿದೆಯೋ?’ ಅಂತ ಕೇಳುತ್ತಾರೆ. ಹೇಳಿಕೊಟ್ಟರೆ ಹೂಂ ಅನ್ನುತ್ತಾರೆ, ಮರುದಿನ ಮತ್ತೆ ಅದೇ ಪ್ರಶ್ನೆ. ಬಿಲ್ ಬಾಕಿ ಉಳಿದು ಲೈನ್‌ಮನ್ ಬಾಗಿಲಿಗೆ ಬಂದ ಮೇಲೆ ಕಿರಣ್ ಗಾಬರಿಯಾಗಿದ್ದಾರೆ. ಅವರ ಅಜ್ಜಿಗೂ ಕೊನೆಗಾಲದಲ್ಲಿ ಮರೆವಿತ್ತಂತೆ.

ಫೋನಿನ ವಿಷಯಕ್ಕೆ ಜನ ನಮ್ಮಲ್ಲಿಗೆ ಬರುವುದು ಬಹುತೇಕ ಚಟ ಬಿಡಿಸಲು. ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ಕಿನ ಹೆಸರು ಕೇಳಿದವರೂ ಅದೇ ಕಾರಣಕ್ಕೆ ಕೇಳಿರುತ್ತಾರೆ. ಒಬ್ಬರು ಫೋನ್ ಹಿಡಿಯುವುದನ್ನೇ ಬಿಟ್ಟರು ಎಂಬ ದೂರು ಅಪರೂಪ. ಅಂಥದು ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಫೋನ್ ಬದಲಾಯಿತಾ?

‘ಹೌದು ಮೇಡಂ, ಹಬ್ಬಕ್ಕೆ ಹೊಸದು ಕೊಡಿಸಿದೆ. ನಾನೇ ಕೂತು ನೀಟಾಗಿ ಸೆಟ್ ಮಾಡಿದೆ’ ಅಂದರು ಕಿರಣ್, ಹೆಮ್ಮೆಯಿಂದಲೇ.

ನೀಟಾಗೇ ಇತ್ತು. ಒಂದೇ ಒಂದು ಹೋಮ್ ಸ್ಕ್ರೀನ್, ಬ್ಯಾಟರಿ ಉಳಿಯಲೆಂದು ಹಾಕಿದ ಕಪ್ಪು ವಾಲ್‌ಪೇಪರ್, ಕೆಳಗೆ ನಾಲ್ಕು ಐಕಾನು. ಅದರ ಮೇಲೆ ಇಂಗ್ಲಿಷ್ ಹೆಸರಿನ ಐದು ಫೋಲ್ಡರು: ಫೈನಾನ್ಸ್, ಸೋಷಿಯಲ್, ಗವರ್ನಮೆಂಟ್, ಯುಟಿಲಿಟೀಸ್, ಎಂಟರ್‌ಟೇನ್‌ಮೆಂಟ್. ಹಿಂದೆ ಹೋಗುವ ಬಟನ್ನೂ ಇಲ್ಲ, ಅಂಚಿನಿಂದ ಒಳಕ್ಕೆ ಸವರಬೇಕು. ಆಂಡ್ರಾಯ್ಡ್‌ನಲ್ಲಿ 2019ರಿಂದ ಇರುವ ವ್ಯವಸ್ಥೆ ಇದು. ಸರೋಜಮ್ಮನ ಹಳೆಯ ಫೋನಿನಲ್ಲಿ ಕೆಳಗಿನ ಮೂರು ಬಟನ್ನೇ ಇದ್ದವು. ಕಿರಣ್ ತಮ್ಮ ಐಫೋನನ್ನೂ ತೋರಿಸಿದರು. ಅದರಲ್ಲಿ ಇನ್ನೂ ಕಡಿಮೆ. ‘ನಾನು ಐಕಾನ್ ಹುಡುಕೋದೇ ಇಲ್ಲ. ಕೆಳಕ್ಕೆ ಎಳೆದು ಎರಡಕ್ಷರ ಟೈಪ್ ಮಾಡಿದ್ರೆ ಬಂತು.’

ಮುಂದಿನ ಸಲ ಹಳೆಯ ಫೋನನ್ನೂ ತನ್ನಿ ಎಂದು ಹೇಳಿ ಕಳಿಸಿದೆ. ಪುಣ್ಯಕ್ಕೆ ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟಿರಲಿಲ್ಲ.

ಸರೋಜಮ್ಮನೊಬ್ಬರನ್ನೇ ಕೂರಿಸಿ ಮಾತಾಡಿಸಿದ ದಿನ ಆ ಫೋನನ್ನು ಆನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಚೌಕಳಿ ಗೆರೆ ಹಾಕಿ ಕೊಟ್ಟೆ. ‘ಹಳೇ ಫೋನಿನಲ್ಲಿ ಯಾವುದು ಎಲ್ಲಿತ್ತು, ನೆನಪಿದ್ದಷ್ಟು ಬರೀರಿ.’ ಅವರು ಕನ್ನಡಕ ಸರಿಮಾಡಿಕೊಂಡು ಪೆನ್ನು ತಗೊಂಡರು. ಎಡ ಮೇಲೆ ಪಂಚಾಂಗ, ಪಕ್ಕದಲ್ಲಿ ಪೇಪರು. ಎಡ ಕೆಳಮೂಲೆಗೆ ವಾಟ್ಸ್ಆ್ಯಪ್, ಬಲ ಕೆಳಮೂಲೆಗೆ ಫೋನ್‌ಪೇ. ‘ಎಡಗಡೆ ಮಾತು, ಬಲಗಡೆ ದುಡ್ಡು’ ಅಂದರು ತಲೆ ಎತ್ತದೆ. ನಡುವಿನ ಎರಡು ಸಾಲು ಖಾಲಿ ಬಿಟ್ಟರು. ಯಾಕೆ ಅಂದಾಗ, ‘ಅಲ್ಲಿ ಮೊಮ್ಮಗಳ ಮುಖ ಬರುತ್ತೆ, ಮುಚ್ಚಬಾರದು’ ಎಂಬ ಉತ್ತರ ಬಂತು.

ಎರಡನೇ ಸ್ಕ್ರೀನು ಪೂರ್ತಿ ತೋಟದ್ದು. ಮೇಲೆ ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ, ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ್ದು. ಅದರ ಕೆಳಗೆ ಅಡಿಕೆ ಧಾರಣೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್. ಬೆಳೆ ಸಮೀಕ್ಷೆಯ ಆ್ಯಪ್. ಮೂರನೆಯ ಸ್ಕ್ರೀನಿಗೆ ಮಾತ್ರ ಅಡ್ಡಗೆರೆ ಎಳೆದರು. ‘ಇವು ತಾವಾಗಿ ಬಂದು ಕೂತವು. ಅಲ್ಲಿಗೆ ನಾನು ಹೋಗಲ್ಲ.’

ಆಮೇಲೆ ಫೋನ್ ಆನ್ ಮಾಡಿದೆವು. ಎರಡೇ ಎರಡು ಐಕಾನುಗಳ ಜಾಗ ಅದಲುಬದಲಾಗಿತ್ತು, ಉಳಿದದ್ದೆಲ್ಲ ಹಾಳೆಯಲ್ಲಿದ್ದಂತೇ ಇತ್ತು. ಕನ್ನಡಕ ತೆಗೆದಿಟ್ಟು ಬಲಗೈ ಹೆಬ್ಬೆರಳಲ್ಲಿ ನೇರಳೆ ಚೌಕವನ್ನು ಒತ್ತಿ ತೋರಿಸಿದರು. ಐಕಾನಿನ ಕೆಳಗೆ ಏನು ಬರೆದಿದೆ ಎಂದು ಅವರು ಯಾವತ್ತೂ ಓದಿದವರಲ್ಲ. ಓದುವ ಅಗತ್ಯ ಬಿದ್ದಿರಲಿಲ್ಲ.

‘ವರ್ಷದ ನಡುವೆ ಮಕ್ಕಳನ್ನೆಲ್ಲ ಎಬ್ಬಿಸಿ ಬೇರೆ ಬೇರೆ ಬೆಂಚಲ್ಲಿ ಕೂರಿಸಿ, ಈಗ ಹಾಜರಿ ಕೂಗು ಅಂದ ಹಾಗಾಯ್ತು’ ಅಂದರು. ‘ಮುಖ ಗೊತ್ತು. ಆದ್ರೂ ಬಾಯಿಗೆ ಹೆಸರು ಬರಲ್ಲ.’

ನನಗೆ ಬೇಕಾಗಿದ್ದ ಮಾಹಿತಿಯೆಲ್ಲ ಇಷ್ಟರಲ್ಲೇ ಸಿಕ್ಕಿತ್ತು ಅಂದರೆ ಉತ್ಪ್ರೇಕ್ಷೆ. ಮರೆವಿನ ದೂರನ್ನು ಒಂದು ಹಾಳೆ ನೋಡಿ ತಳ್ಳಿಹಾಕುವಂತಿಲ್ಲ, ನಾನು ವೈದ್ಯೆಯೂ ಅಲ್ಲ. ಬೇರೆ ಸಂಗತಿಗಳನ್ನೂ ಕೇಳಿದೆ. ತೋಟದ ಕೂಲಿ ಲೆಕ್ಕ ನೋಟ್‌ಬುಕ್ಕಿನಲ್ಲಿ ತಪ್ಪಿಲ್ಲದೆ ನಡೆಯುತ್ತಿದೆ. ಪರಿಚಿತ ದಾರಿಯಲ್ಲಿ ಗೊಂದಲವಿಲ್ಲ. ಒಲೆ ಆರಿಸಲು ಮರೆತದ್ದಿಲ್ಲ, ಆಡಿದ ಮಾತನ್ನೇ ಅದೇ ಗಂಟೆಯಲ್ಲಿ ಮತ್ತೆ ಆಡುವುದಿಲ್ಲ. ಬಿಲ್ ಕಟ್ಟಬೇಕು ಎಂಬುದೇ ಮನಸ್ಸಿನಿಂದ ಜಾರಿದ್ದರೆ ನಾನೂ ಚಿಂತಿಸುತ್ತಿದ್ದೆ. ಇವರಿಗೆ ಕೊನೆಯ ದಿನಾಂಕ, ಮೊತ್ತ ಎರಡೂ ಗೊತ್ತಿತ್ತು. ಕಟ್ಟುವ ಜಾಗ ಸಿಗಲಿಲ್ಲ. ಆದರೂ ಫಿಸಿಷಿಯನ್ ಒಬ್ಬರಿಗೆ ಪತ್ರ ಕೊಟ್ಟೆ. ಬಿ12 ಕೊರತೆ, ಥೈರಾಯ್ಡ್ ಏರುಪೇರು, ನಿದ್ದೆಗೇಡು, ಖಿನ್ನತೆ ಇವೆಲ್ಲ ಈ ವಯಸ್ಸಿನಲ್ಲಿ ಮರೆವಿನಂತೆ ಕಾಣಿಸಿಕೊಳ್ಳಬಲ್ಲವು, ಚಿಕಿತ್ಸೆಗೂ ಬಗ್ಗುತ್ತವೆ. ರಕ್ತಪರೀಕ್ಷೆಯಲ್ಲಿ ಬಿ12 ಸ್ವಲ್ಪ ಕಡಿಮೆ ಬಂತು, ಮಾತ್ರೆ ಶುರುವಾಯಿತು. ನೆನಪಿನ ಪ್ರಾಥಮಿಕ ತಪಾಸಣೆಯಲ್ಲಿ ಆತಂಕಪಡುವಂಥದ್ದೇನೂ ಕಾಣಲಿಲ್ಲ.

ಇಲ್ಲಿಗೆ ಪ್ರಕರಣ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಅಮ್ಮನ ಮುನಿಸಿಗೆ ಐಕಾನು ಅರ್ಧ ಕಾರಣ ಮಾತ್ರ. ಇನ್ನರ್ಧ ದುಡ್ಡಿನದು. ಬಿಲ್ಲಿನ ಗಲಾಟೆ ಆದ ಮೇಲೆ ಕಿರಣ್ ಒಂದು ಪರಿಹಾರ ಹುಡುಕಿದ್ದರು. ಯುಪಿಐ ಸರ್ಕಲ್ ಅಂತ 2024ರಲ್ಲಿ ಬಂದ ಸೌಲಭ್ಯವಿದೆ: ಒಬ್ಬರ ಖಾತೆಯಿಂದ ಇನ್ನೊಬ್ಬರು ಪಾವತಿ ಮಾಡಬಹುದು, ಪೂರ್ತಿ ಬಿಟ್ಟುಕೊಟ್ಟರೂ ತಿಂಗಳಿಗೆ 15,000 ರೂಪಾಯಿಯ ಮಿತಿ. ಸ್ವಂತ ಖಾತೆಯೇ ಇಲ್ಲದ ಮನೆಮಂದಿಗೆ, ಕಾಲೇಜು ಮಕ್ಕಳಿಗೆ ಉಪಯುಕ್ತವಾದದ್ದೇ. ‘ನಿನ್ನ ಅಕೌಂಟ್ ಫೋನಿಂದ ತೆಗೆದುಬಿಡೋಣ, ನನ್ನದಕ್ಕೆ ನಿನ್ನ ಸೇರಿಸ್ತೀನಿ’ ಅಂದಿದ್ದರಂತೆ ಮಗ. ಪಕ್ಕದ ಬೀದಿಯ ನಿವೃತ್ತರೊಬ್ಬರು ‘ಡಿಜಿಟಲ್ ಅರೆಸ್ಟ್’ ವಂಚಕರಿಗೆ ಉಳಿತಾಯ ಕಳೆದುಕೊಂಡದ್ದು ಅವರ ತಲೆಯಲ್ಲಿತ್ತು. ಆ ಭಯ ಸುಳ್ಳಲ್ಲ.

ಅಮ್ಮನಿಗೆ ಕೇಳಿಸಿದ್ದು ಬೇರೆ. ‘ಮೂವತ್ತು ವರ್ಷ ಸಂಬಳ ತಂದವಳು ನಾನು. ಈಗ ಇವನು ನಂಗೆ ಕೈಖರ್ಚು ಕೊಡ್ತಾನಂತೆ.’ ಅವತ್ತೇ ಹೊಸ ಫೋನನ್ನು ಟಿವಿ ಪಕ್ಕ ಇಟ್ಟವರು ಕರೆ ಬಂದಾಗ ಮಾತ್ರ ಎತ್ತುತ್ತಿದ್ದಾರೆ. ಮಗ ಇದನ್ನು ಮರೆವಿನ ಲೆಕ್ಕಕ್ಕೆ ಬರೆದುಕೊಂಡಿದ್ದ.

ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಸೊಸೆಯೂ ಬಂದಿದ್ದರು. ಕಿರಣ್‌ಗೂ ಒಂದು ಹಾಳೆ ಕೊಟ್ಟು ಅವರ ಫೋನಿನ ಸ್ಕ್ರೀನನ್ನೇ ಬರೆಯಲು ಹೇಳಿದೆ. ಕೆಳಗಿನ ಸಾಲಿನ ನಾಲ್ಕು ಬರೆದರು, ಮೇಲಿನದರಲ್ಲಿ ತಡಕಾಡಿದರು. ಸರೋಜಮ್ಮನ ಮುಖದಲ್ಲಿ ಸಣ್ಣ ನಗು ಬಂತು. ಅದು ಗೆಲುವು ಸೋಲಿನ ಮಾತಲ್ಲ ಎಂದು ಬೇಗ ಹೇಳಬೇಕಾಯಿತು. ಫೋನ್ ಬಳಸುವವರಲ್ಲಿ ಹುಡುಕುವವರೊಂದು ಬಗೆ, ನೇರ ತಲುಪುವವರು ಇನ್ನೊಂದು ಬಗೆ. ಹುಡುಕುವವರಿಗೆ ಹೆಸರು ನೆನಪಿದ್ದರೆ ಸಾಕು, ಐಕಾನು ಎಲ್ಲಿದ್ದರೇನು? ಕಂಪನಿಗಳೂ ಅವರಿಗೆ ಅನುಕೂಲ ಮಾಡಿಕೊಡುತ್ತಿವೆ. ಆ್ಯಪ್‌ಗಳನ್ನು ತಾನೇ ವಿಂಗಡಿಸಿಡುವ ಆ್ಯಪ್ ಲೈಬ್ರರಿ ಐಫೋನಿಗೆ ಬಂದದ್ದು 2020ರಲ್ಲಿ. ಐಕಾನನ್ನು ಬೇಕಾದ ಜಾಗದಲ್ಲಿ, ನಡುವೆ ಖಾಲಿ ಬಿಟ್ಟು ಇಡುವ ಸ್ವಾತಂತ್ರ್ಯ ಬರಲು 2024 ಆಗಬೇಕಾಯಿತು. ಮೊಮ್ಮಗಳ ಮುಖ ಕಾಣಲಿ ಎಂದು ಜಾಗ ಬಿಡುವ ಅಜ್ಜಿಯರು ಅಲ್ಲಿಯವರೆಗೆ ಆ ಫೋನಿನ ಲೆಕ್ಕದಲ್ಲೇ ಇರಲಿಲ್ಲ.

ತಲುಪುವವರಿಗೆ ಜಾಗವೇ ಎಲ್ಲ. ಆ್ಯಪಿನ ಹೆಸರು, ಅದೂ ಇಂಗ್ಲಿಷ್ ಸ್ಪೆಲ್ಲಿಂಗು, ನೆನಪು ಮಾಡಿಕೊಂಡು ಟೈಪ್ ಮಾಡುವುದು ಅವರಿಗೆ ಪರೀಕ್ಷೆ. ಕಂಡದ್ದನ್ನು ಗುರುತು ಹಿಡಿಯುವುದು ಯಾವ ವಯಸ್ಸಿನಲ್ಲೂ ಸುಲಭ, ಕಾಣದ್ದನ್ನು ನೆನಪಿನಿಂದ ಎಳೆದು ತರುವುದು ಕಷ್ಟ. ಫೋಲ್ಡರು ಮಾಡುವುದು ಅದನ್ನೇ: ಕಾಣುತ್ತಿದ್ದುದನ್ನು ಮುಚ್ಚಿ ನೆನಪಿಗೆ ಕೆಲಸ ಹಚ್ಚುತ್ತದೆ. ಸಿಡಿಲಿನ ಆ್ಯಪ್ ಯುಟಿಲಿಟೀಸ್ ಒಳಗೆ ಎರಡನೇ ಪುಟದಲ್ಲಿತ್ತು. ಮಳೆಗಾಲಕ್ಕೆ ಮುಂಚಿನ ಸಿಡಿಲಿನ ದಿನಗಳಲ್ಲಿ ಅದನ್ನು ನೋಡಿಯೇ ಸರೋಜಮ್ಮ ತೋಟದವರನ್ನು ಮನೆಗೆ ಕಳಿಸುವುದು.

‘ಅದು ಅಷ್ಟು ಬೇಕಾಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ’ ಅಂದರು ಕಿರಣ್. ‘ಕೇಳಿದ್ರೆ ಹೇಳ್ತಿದ್ರು’ ಅಂತ ಸೊಸೆ.

ಕಿರಣ್‌ಗೆ ಕೊಟ್ಟ ಮೊದಲ ಸಲಹೆ, ಇನ್ನು ಅಮ್ಮನ ಫೋನನ್ನು ಅಮ್ಮನ ಕೈಯಿಂದ ತೆಗೆದುಕೊಳ್ಳಬಾರದು. ಏನೇ ಬದಲಿಸಬೇಕಿದ್ದರೂ ಬೆರಳು ಅವರದ್ದೇ ಓಡಲಿ, ನಿಮ್ಮದು ಬಾಯಿ ಮಾತ್ರ. ಹಳೆಯ ಫೋನಿನ ಪ್ರತಿ ಹೋಮ್ ಸ್ಕ್ರೀನಿನ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಪಕ್ಕದಲ್ಲಿಟ್ಟುಕೊಂಡು ಹೊಸದರಲ್ಲಿ ಒಂದೊಂದನ್ನೂ ಅದೇ ಜಾಗಕ್ಕೆ ಎಳೆದು ಕೂರಿಸಿ. ಕಂಪನಿ ಬದಲಾದರೆ ಆ್ಯಪ್‌ಗಳು ಬರುತ್ತವೆ, ಅವುಗಳ ಜಾಗ ಸಾಮಾನ್ಯವಾಗಿ ಬರುವುದಿಲ್ಲ, ಹಾಗಾಗಿ ಕೈಯಲ್ಲೇ ಮಾಡಬೇಕು. ಸೆಟ್ಟಿಂಗ್‌ಗಳಲ್ಲಿ ಮೂರು ಬಟನ್ನಿನ ನ್ಯಾವಿಗೇಶನ್ ವಾಪಸ್ ತನ್ನಿ. ಹೋಮ್ ಸ್ಕ್ರೀನ್ ಸೆಟ್ಟಿಂಗಿನಲ್ಲಿ ಹೊಸ ಆ್ಯಪ್ ತಾನಾಗಿ ಬಂದು ಕೂರುವುದನ್ನು ನಿಲ್ಲಿಸಿ, ಲೇಔಟ್ ಲಾಕ್ ಮಾಡಿ. ಆ ಲಾಕ್ ಇಲ್ಲದಿದ್ದರೆ ಒತ್ತಿ ಹಿಡಿದ ಬೆರಳಿಗೆ ಐಕಾನು ಸರಿದು ಮಾಯವಾಗುತ್ತದೆ, ‘ಆ್ಯಪ್ ಹೋಯ್ತು’ ಎಂಬ ಕರೆಗಳಲ್ಲಿ ಎಷ್ಟೋ ಇದರವೇ. ಹಳೆಯ ಫೋನು ಸಿಮ್ ಇಲ್ಲದೆಯೂ ಒಂದಷ್ಟು ದಿನ ಚಾರ್ಜಿನಲ್ಲಿರಲಿ, ಅನುಮಾನ ಬಂದಾಗ ನೋಡಿಕೊಳ್ಳಲು.

ದುಡ್ಡಿನ ವಿಚಾರದಲ್ಲಿ ಇಬ್ಬರೂ ಸ್ವಲ್ಪ ಬಾಗಬೇಕಾಯಿತು. ಸರೋಜಮ್ಮನ ಖಾತೆ ಸರೋಜಮ್ಮನ ಫೋನಿನಲ್ಲೇ, ಅವರದೇ ಪಿನ್ನಿನಲ್ಲಿ. ಆದರೆ ಯುಪಿಐಗೆ ಜೋಡಿಸುವುದು ಪೆನ್ಷನ್ ಬರುವ ಖಾತೆಯನ್ನಲ್ಲ; ತಿಂಗಳ ಖರ್ಚಿಗಷ್ಟೇ ಹಣ ಇಡುವ ಇನ್ನೊಂದನ್ನು. ಇದು ಅವರೇ ಒಪ್ಪಿದ್ದು, ಗಣಿತದವರಿಗೆ ನಷ್ಟದ ಗರಿಷ್ಠ ಮಿತಿ ಎಂಬ ವಾದ ಕೂಡಲೇ ರುಚಿಸಿತು. ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಒತ್ತು ಎಂದವನು ಕಳ್ಳ. ವಿಡಿಯೊ ಕರೆಯಲ್ಲಿ ಬಂಧಿಸುವ ಪೊಲೀಸರು ಈ ದೇಶದಲ್ಲಿಲ್ಲ. ಮೋಸ ಆಯಿತೆಂದರೆ ಮಗನಿಗೆ ಹೇಳಲು ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇಷ್ಟನ್ನು ಅವರೇ ಹಾಳೆಯಲ್ಲಿ ಬರೆದುಕೊಂಡರು.

ಸರೋಜಮ್ಮನಿಗೆ ಕೊಟ್ಟ ಸಲಹೆ ಚಿಕ್ಕದು: ಸಿಟ್ಟು ಬಂದಾಗ ಫೋನ್ ಮೂಲೆಗಿಡುವ ಬದಲು ಸಿಟ್ಟು ಬಂದಿದೆ ಅಂತ ಹೇಳಿ. ನೀವು ಸುಮ್ಮನಾದರೆ ಬೆಂಗಳೂರಿನಲ್ಲಿ ಕೂತವನಿಗೆ ಕಾಣುವುದು ಕಾಯಿಲೆ ಮಾತ್ರ. ‘ಹೇಳಿದ್ರೆ ಜಗಳ ಆಗುತ್ತಲ್ಲ’ ಅಂದರು. ಆಗಲಿ, ಅಂದೆ. ಮಗನ ಆತಂಕ ಫೋನಿನಾಚೆಗೂ ಇದೆ, ಅಜ್ಜಿಯ ಕೊನೆಗಾಲ ಅವರನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೆ ಅವರಿಗೇ ಬೇರೆ ಭೇಟಿ ಬೇಕೆಂದು ಸೂಚಿಸಿದೆ, ರಾತ್ರಿ ಯೋಚನೆ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೂಡ ಇದೆ ಎಂದೆ. ಕಿರಣ್ ಇನ್ನೂ ದಿನ ಗೊತ್ತುಮಾಡಿಲ್ಲ.

ಸ್ವಲ್ಪ ಕಾಲದ ನಂತರ ಅಮ್ಮ ಒಬ್ಬರೇ ಬಂದರು. ಬಿಲ್ಲು ಕಟ್ಟುವುದು ಮೊದಲಿನಂತಾಗಿದೆ. ಅಂಚಿನಿಂದ ಸವರುವುದನ್ನೂ ಕಲಿಯುತ್ತಿದ್ದಾರೆ, ಮೊಮ್ಮಗಳು ನಕ್ಕಳೆಂದು. ಈ ಸಲ ಅವರದೇ ಪ್ರಶ್ನೆ ಇತ್ತು: ಹೊಸ ಫೋನ್ ಸೆಟ್ ಮಾಡುವಾಗ ಕಿರಣ್ ತನ್ನ ಬೆರಳಚ್ಚನ್ನೂ ಸೇರಿಸಿದ್ದಾನೆ, ತೆಗೆಯಬಹುದೇ? ತೆಗೆಯಬಹುದು ಎಂದೆ. ತೆಗೆಯುವ ಮುಂಚೆ ಅವನಿಗೆ ಹೇಳಿ, ಬ್ಯಾಂಕು, ನಾಮಿನಿ, ವಿಮೆಯ ವಿವರಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ಲಾಕ್ ಸ್ಕ್ರೀನಿನಲ್ಲಿ ಕಾಣುವ ತುರ್ತು ಸಂಪರ್ಕಕ್ಕೆ ಅವನ ನಂಬರ್ ಹಾಕಿ ಎಂದೆ. ಅದೇ ಕುರ್ಚಿಯಲ್ಲಿ ಕೂತು ಕರೆ ಮಾಡಿ ಹೇಳಿದರು. ಆ ಕಡೆಯಿಂದ ಯಾಕೆ, ಏನಾಯ್ತು ಎಂದು ದೊಡ್ಡ ದನಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. ‘ಏನೂ ಆಗಿಲ್ಲ, ನನ್ನ ಫೋನು’ ಅಂದು ಸೆಟ್ಟಿಂಗ್ಸ್ ತೆರೆದರು.