ಗಂಟಲು ನೋವಿಗೆ ಲಿಗ್ನೋಕೇನ್: ಮಗಳಿಗಂತೂ ಬೇಡ

ಅಮ್ಮನ ಬಾಯಿಹುಣ್ಣಿಗೆ ಕೊಟ್ಟಿದ್ದ ಲಿಗ್ನೋಕೇನ್ ವಿಸ್ಕಸ್ (ಬಾಯಿ, ಗಂಟಲನ್ನು ಮರಗಟ್ಟಿಸುವ ಮಂದ ದ್ರವ ಔಷಧಿ) ಉಳಿದಿದೆ, ಈಗ ನನಗೂ ನಾಲ್ಕು ವರ್ಷದ ಮಗಳಿಗೂ ಗಂಟಲು ನೋವು, ಬಳಸಬಹುದಾ ಅಂತ ಕೇಳಿದ್ದೀರಿ.

ಮಗಳಿಗೆ ಬೇಡವೇ ಬೇಡ. ಅಷ್ಟು ಚಿಕ್ಕ ಮಕ್ಕಳು ಸರಿಯಾಗಿ ಉಗುಳುವುದಿಲ್ಲ, ನುಂಗಿಬಿಡುತ್ತಾರೆ. ರಕ್ತದಲ್ಲಿ ಜಾಸ್ತಿಯಾದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ಏರುಪೇರಾಗಬಹುದು. ಬಾಟಲಿಯನ್ನೂ ಅವಳ ಕೈಗೆ ಸಿಗದ ಹಾಗೆ ಎತ್ತಿಡಿ. ನೋವಿಗೆ ತೂಕಕ್ಕೆ ತಕ್ಕಷ್ಟು ಪ್ಯಾರಸಿಟಮಾಲ್ ಸಾಕು.

ನೀವು ಬಳಸುವುದಾದರೆ ಮೊದಲು ಡಾಕ್ಟರಿಗೆ ಒಂದು ಫೋನ್ ಮಾಡಿ. ಹೃದಯ, ಲಿವರ್ ತೊಂದರೆ ಇದ್ದರಂತೂ ಆ ಫೋನ್ ತಪ್ಪಿಸಬೇಡಿ. 2% ಔಷಧಿಗೆ ದೊಡ್ಡವರ ಮಿತಿ ಒಂದು ಸಲಕ್ಕೆ 15 ಎಂಎಲ್. ತೂಕ ಕಡಿಮೆ ಇದ್ದವರಿಗೆ ಇನ್ನೂ ಕಮ್ಮಿ. ಮತ್ತೆ ಬಳಸಲು ಕನಿಷ್ಠ 3 ಗಂಟೆ ಬಿಡಬೇಕು.

ಜನ ಮರೆಯುವುದು ಮಾತ್ರ ಬೇರೆಯದೇ. ಮುಕ್ಕಳಿಸಿದ ಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಗಂಟಲು ಮರಗಟ್ಟಿರುತ್ತದಲ್ವಾ, ಅನ್ನದ ಅಗುಳು ಶ್ವಾಸನಾಳಕ್ಕೆ ಇಳಿದರೂ ಗೊತ್ತಾಗದೇ ಹೋಗಬಹುದು. ಬಿಸಿ ಕಾಫಿಯೂ ಬೇಡ, ನಾಲಿಗೆ ಸುಟ್ಟರೂ ತಿಳಿಯುವುದಿಲ್ಲ.

ಇದರ ಜೊತೆಗೆ ಸುಮ್ನೆ ಬೆಂಜೊಕೇನ್ (ಇದೂ ಮರಗಟ್ಟಿಸುವ ಔಷಧಿಯೇ) ಇರುವ ಚೀಪುವ ಮಾತ್ರೆ ಸೇರಿಸಬೇಡಿ. ಅಪರೂಪಕ್ಕೆ ಈ ಔಷಧಿಗಳಿಂದ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳುತ್ತದೆ, ಬೆಂಜೊಕೇನ್‌ನಲ್ಲಿ ಈ ಭಯ ಹೆಚ್ಚು. ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿ ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮಗಳು ಎಂಜಲೂ ನುಂಗಲಾಗದೆ ಜೊಲ್ಲು ಸುರಿಸುತ್ತಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ ಬೆಳಗಿನವರೆಗೆ ಕಾಯಬೇಡಿ.