ದಶಮಾಂಶ ಬಿಂದು ಸರಿದರೆ ಸಾಕೆ?

ಪ್ರಶ್ನೆ: ಮೀಟರನ್ನು ಸೆಂಟಿಮೀಟರಿಗೋ ಕಿಲೋಮೀಟರಿಗೋ ಬದಲಾಯಿಸಲು ದಶಮಾಂಶ ಬಿಂದುವನ್ನು ಅತ್ತಿತ್ತ ಸರಿಸಿದರೆ ಸಾಕು. ಗಜ, ಅಡಿ, ಅಂಗುಲಗಳಲ್ಲಿ ಈ ಅನುಕೂಲ ಏಕಿಲ್ಲ? ಚದರ ಮೀಟರಿನ ಲೆಕ್ಕದಲ್ಲಿ ಹೀಗೆಯೇ ಮಾಡಿದರೆ ಉತ್ತರ ತಪ್ಪುವುದೇಕೆ?

ಉತ್ತರ: ನಾವು ಬರೆಯುವ ಸಂಖ್ಯೆಯಲ್ಲಿ ಅಂಕಿಯೊಂದು ಬಿಡಿ, ಹತ್ತು, ನೂರು ಎಂದು ಒಂದೊಂದೇ ಸ್ಥಾನ ಎಡಕ್ಕೆ ಸರಿದಂತೆ ಅದರ ಬೆಲೆ ಹತ್ತು ಪಟ್ಟು ಹೆಚ್ಚುತ್ತದೆ. ಮೆಟ್ರಿಕ್ ಮಾನಗಳನ್ನು ಕಟ್ಟಿರುವುದೂ ಇದೇ ಹತ್ತರ ಮೆಟ್ಟಿಲುಗಳ ಮೇಲೆ. 3.475 ಮೀಟರ್ ಎಂಬ ಅಳತೆಯನ್ನು ನೋಡಿ. ಅದರಲ್ಲಿ 3 ಮೀಟರ್, 4 ಡೆಸಿಮೀಟರ್, 7 ಸೆಂಟಿಮೀಟರ್, 5 ಮಿಲಿಮೀಟರ್ ಇವೆ ಎಂಬುದನ್ನು ಅಂಕಿಗಳೇ ಹೇಳುತ್ತವೆ. 347.5 ಸೆಂಟಿಮೀಟರ್ ಎಂದು ಬರೆದರೂ 3475 ಮಿಲಿಮೀಟರ್ ಎಂದು ಬರೆದರೂ ಅಂಕಿಗಳು ಬದಲಾಗುವುದಿಲ್ಲ.

ಈಗ 3.475 ಗಜವನ್ನು ತೆಗೆದುಕೊಳ್ಳಿ. ಗಜಕ್ಕೆ 3 ಅಡಿಯಾದ್ದರಿಂದ 0.475ನ್ನು ಮೂರರಿಂದ ಗುಣಿಸಬೇಕು, ಬಂದ 1.425 ಅಡಿಯಲ್ಲಿ ಉಳಿಕೆ 0.425ನ್ನು, ಅಡಿಗೆ 12 ಅಂಗುಲವಾದ್ದರಿಂದ, ಮತ್ತೆ ಹನ್ನೆರಡರಿಂದ ಗುಣಿಸಬೇಕು. ಕೊನೆಗೆ ದೊರೆಯುವ 3 ಗಜ, 1 ಅಡಿ, 5.1 ಅಂಗುಲಕ್ಕೂ ಮೊದಲಿನ ಅಂಕಿಗಳಿಗೂ ಕಣ್ಣಿಗೆ ಕಾಣುವ ನಂಟೇ ಇಲ್ಲ. ಇನ್ನು ಮೈಲಿಗೆ 1760 ಗಜ! ಹತ್ತರ ಲೆಕ್ಕದಲ್ಲಿ ಬರೆದ ಸಂಖ್ಯೆಯನ್ನು ಮೆಟ್ಟಿಲಿಗೊಂದು ಬೇರೆ ಲೆಕ್ಕದಲ್ಲಿ ಒಡೆಯಬೇಕಾಗಿರುವುದೇ ಇಲ್ಲಿನ ತೊಡಕು.

ಮೆಟ್ರಿಕ್ ಹೆಸರುಗಳಲ್ಲೂ ಒಂದು ಜಾಣ್ಮೆಯಿದೆ. ಫ್ರಾನ್ಸಿನ 1795ರ ಕಾನೂನು ದೊಡ್ಡ ಮಾನಗಳಿಗೆ ಕಿಲೋ, ಹೆಕ್ಟೋ ಮುಂತಾದ ಗ್ರೀಕ್ ಮೂಲದ ಪೂರ್ವಪದಗಳನ್ನೂ, ಚಿಕ್ಕವಕ್ಕೆ ಡೆಸಿ, ಸೆಂಟಿ ಮುಂತಾದ ಲ್ಯಾಟಿನ್ ಮೂಲದವನ್ನೂ ಗೊತ್ತುಪಡಿಸಿತು. ಕಿಲೋ ಎಂದರೆ ಸಾವಿರ ಎಂದು ಒಮ್ಮೆ ಕಲಿತರೆ ಗ್ರಾಂ, ಮೀಟರ್, ವ್ಯಾಟ್ ಎಲ್ಲಕ್ಕೂ ಅದೇ ಸಾಲುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಯಲ್ಲಿರುವ ತಪ್ಪು ಬಹಳ ಮಂದಿಯನ್ನು ಕಾಡುವಂಥದು. ಒಂದು ಮೀಟರ್ ಬದಿಯುಳ್ಳ ಚೌಕವನ್ನು ಸೆಂಟಿಮೀಟರ್ ಬದಿಯ ಪುಟ್ಟ ಚೌಕಗಳಿಂದ ತುಂಬಿಸುವುದಾದರೆ ಒಂದು ಸಾಲಿಗೆ 100 ಬೇಕು, ಅಂಥ ಸಾಲುಗಳೂ 100 ಬೇಕು; ಒಟ್ಟು 10,000. ಉದ್ದಕ್ಕೆ ಎರಡು ಸ್ಥಾನ, ಅಗಲಕ್ಕೆ ಎರಡು ಸ್ಥಾನ, ಹೀಗೆ ಬಿಂದು ನಾಲ್ಕು ಸ್ಥಾನ ಸರಿಯಬೇಕು. ಆದ್ದರಿಂದ 2.5 ಚದರ ಮೀಟರ್ ಎಂದರೆ 25,000 ಚದರ ಸೆಂಟಿಮೀಟರೇ ಹೊರತು 250 ಅಲ್ಲ. ಘನ ಅಳತೆಯಲ್ಲಿ ಎತ್ತರವೂ ಸೇರಿ ಆರು ಸ್ಥಾನವಾಗುತ್ತದೆ. ಕಲಿಸುವವರು ನಿಯಮವನ್ನು ಬಾಯಿಪಾಠ ಮಾಡಿಸುವ ಬದಲು ಈ ಚೌಕವನ್ನು ಒಮ್ಮೆ ಬರೆದು ತೋರಿಸುವುದು ಎಷ್ಟೋ ಮೇಲು.

ಬಿಂದು ಸರಿಸುವ ಉಪಾಯ ಸೋಲುವುದು ಕಾಲದ ಎದುರಿಗೆ. ನಿಮಿಷಕ್ಕೆ 60 ಸೆಕೆಂಡು, ಗಂಟೆಗೆ 60 ನಿಮಿಷ ಇರುವುದರಿಂದ ಗಂಟೆಗೆ 72 ಕಿಲೋಮೀಟರ್ ವೇಗವನ್ನು 3.6ರಿಂದ ಭಾಗಿಸಿಯೇ ಸೆಕೆಂಡಿಗೆ 20 ಮೀಟರ್ ಎಂದು ತಿಳಿಯಬೇಕು. ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ ಎಂಬ ಏರ್ಪಾಡನ್ನು ಫ್ರಾನ್ಸ್ 1793ರಲ್ಲಿ ತಂದಿತ್ತು. ಆದರೆ ಮೀಟರಿಗೆ ದಾರಿ ಮಾಡಿದ 1795ರ ಅದೇ ಕಾನೂನು ಅದನ್ನು ಅಮಾನತಿನಲ್ಲಿಟ್ಟಿತು.