ಮುಚ್ಚಿದ ಗುಂಡಿ ಮತ್ತೆ ಬಾಯಿ ತೆರೆಯುವುದೇಕೆ?

ಮಳೆಗಾಲ ಶುರುವಾಯಿತೆಂದರೆ ಈ ಅಂಕಣಕ್ಕೆ ರಸ್ತೆ ಗುಂಡಿಯ ಪತ್ರಗಳೇ ಹೆಚ್ಚು. ಎಲ್ಲರೂ ಡಾಂಬರನ್ನು ಬೈಯುತ್ತಾರೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳುವವರು ಅಪರೂಪ. ಹಾಗಾಗಿ ಈ ಬಾರಿ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನಮ್ಮ ಬೀದಿಯ ತಿರುವಿನಲ್ಲಿರುವ ಗುಂಡಿಯನ್ನು ಪ್ರತಿ ಮಳೆಗಾಲದಲ್ಲೂ ಮುಚ್ಚುತ್ತಾರೆ. ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಗುಂಡಿ. ಕಳಪೆ ಡಾಂಬರು ಬಳಸುತ್ತಾರೆಯೇ? (ಓದುಗರು, ಬೆಂಗಳೂರು)

ಉತ್ತರ: ಮಳೆ ನಿಂತು ಒಂದು ಗಂಟೆಯಾದ ಮೇಲೂ ಆ ತಿರುವಿನಲ್ಲಿ ನೀರು ನಿಂತಿರುತ್ತದೆಯೇ? ಅದನ್ನು ಮೊದಲು ನೋಡಿ. ನಿಂತಿದ್ದರೆ ಅತ್ಯುತ್ತಮ ಡಾಂಬರು ಸುರಿದರೂ ಅಲ್ಲಿ ಗುಂಡಿ ಬೀಳುತ್ತದೆ.

ಬೆಂಗಳೂರಿನ ಸುತ್ತಮುತ್ತ ಸಿಗುವ ಜಲ್ಲಿ ಗ್ರಾನೈಟ್ ಮತ್ತು ಅದನ್ನೇ ಹೋಲುವ ನೈಸ್ ಎಂಬ ಕಲ್ಲಿನದು. ಇವುಗಳಲ್ಲಿ ಸಿಲಿಕಾ ಹೆಚ್ಚು. ಇಂಥ ಕಲ್ಲಿಗೆ ಡಾಂಬರಿಗಿಂತ ನೀರೇ ಹತ್ತಿರದ ನಂಟು. ಬಿರುಕಿನೊಳಗೆ ಇಳಿದ ನೀರು ಜಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಅಂಟನ್ನು ಬಿಡಿಸುತ್ತದೆ. ಮೇಲೆ ಚಕ್ರ ಹಾದಾಗ ನೀರು ಒತ್ತಡದಿಂದ ಒಳಕ್ಕೆ ನುಗ್ಗುತ್ತದೆ, ಚಕ್ರ ದಾಟಿದೊಡನೆ ತಳಪದರದ ಸಣ್ಣ ಪುಡಿಯನ್ನು ಎಳೆದುಕೊಂಡು ಹೊರಗೆ ಬರುತ್ತದೆ. ಮಳೆಯ ಮರುದಿನ ಬಿರುಕಿನ ಅಂಚಿನಲ್ಲಿ ಕಾಣುವ ಕೆಸರಿನ ಕಲೆ ಇದೇ. ಒಳಗೆ ಪೊಳ್ಳಾದ ಮೇಲೆ ಮೇಲಿನ ಪದರ ಕುಸಿಯುತ್ತದೆ. ನಮ್ಮ ಕಣ್ಣಿಗೆ ಗುಂಡಿ ಬೀಳುವುದು ಆಗ. ರಸ್ತೆ ಕೆಟ್ಟದ್ದು ಅದಕ್ಕೂ ಬಹಳ ಮೊದಲು. ಕಲ್ಲಿನ ಈ ಗುಣ ಗೊತ್ತಿರುವುದರಿಂದಲೇ ಮಿಶ್ರಣಕ್ಕೆ ಸುಣ್ಣದ ಪುಡಿ ಅಥವಾ ಅಂಟು ಬಿಡದಂತೆ ತಡೆಯುವ ರಾಸಾಯನಿಕ ಸೇರಿಸುವ ನಿಯಮವಿದೆ. ಅದನ್ನು ಪಾಲಿಸಿದ್ದಾರೆಯೇ ಎಂದು ಕೇಳಿ. ಡಾಂಬರಿನ ಬಣ್ಣ ನೋಡಿ ಗುಣಮಟ್ಟ ಹೇಳುವವರನ್ನು ಮಾತ್ರ ನಂಬಬೇಡಿ.

ಇನ್ನು ಮುಚ್ಚುವ ಕೆಲಸ. ನೀರಿದ್ದ ಗುಂಡಿಗೆ ಮಿಶ್ರಣ ಸುರಿದು, ಸಲಿಕೆಯ ಬೆನ್ನಿನಿಂದ ತಟ್ಟಿ ಹೋಗುವುದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದು ದುರಸ್ತಿಯಲ್ಲ. ಗುಂಡಿಯ ಸುತ್ತ ಗಟ್ಟಿ ಭಾಗ ಸಿಗುವವರೆಗೆ ಚೌಕಾಕಾರದಲ್ಲಿ, ಅಂಚು ನೇರವಾಗಿ ನಿಲ್ಲುವಂತೆ ಕತ್ತರಿಸಬೇಕು. ಸಡಿಲ ಜಲ್ಲಿ, ಕೆಸರು ಎಲ್ಲವನ್ನೂ ತೆಗೆದು ಒಣಗಿಸಬೇಕು. ತಳ ಮೆತ್ತಗಿದ್ದರೆ ಅದನ್ನೂ ಅಗೆದು ಹೊಸ ಜಲ್ಲಿ ಹಾಕಿ ದಮ್ಮಸು ಮಾಡಬೇಕು. ಆಮೇಲೆ ತಳಕ್ಕೂ ನಾಲ್ಕು ಬದಿಗೂ ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ತೆಳು ಡಾಂಬರು, ಬಳಿಯಬೇಕು. ಬಳಿದಾಗ ಅದು ಕಂದು ಬಣ್ಣದಲ್ಲಿರುತ್ತದೆ. ನೀರು ಬೇರ್ಪಟ್ಟು ಕಪ್ಪಾಗುವವರೆಗೆ ಕಾಯಬೇಕು. ನಮ್ಮ ಕೆಲಸಗಾರರಿಗೆ ಆ ಸ್ವಲ್ಪ ಹೊತ್ತನ್ನೂ ಯಾರೂ ಕೊಡುವುದಿಲ್ಲ. ಮುಂದಿನ ಗುಂಡಿಗೆ ಓಡಿಸುತ್ತಾರೆ.

ಮಿಶ್ರಣದ ಶಾಖ ಎಲ್ಲಕ್ಕಿಂತ ಮುಖ್ಯ. ವಿಜಿ-30 ದರ್ಜೆಯ ಡಾಂಬರಿನ ಬಿಸಿ ಮಿಶ್ರಣವನ್ನು ಹಾಸುವಾಗ ಅದು ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಇರಬೇಕು. 90 ಡಿಗ್ರಿಗೆ ಇಳಿಯುವಷ್ಟರಲ್ಲಿ ರೋಲರ್ ಕೆಲಸ ಮುಗಿದಿರಬೇಕು. ನಗರದ ಹೊರಗಿನ ಘಟಕದಿಂದ ಹೊರಟ ಟಿಪ್ಪರ್ ಸಂಚಾರ ದಟ್ಟಣೆಯಲ್ಲಿ ಸಿಕ್ಕಿಕೊಂಡು, ಅದರಲ್ಲಿದ್ದ ಮಿಶ್ರಣವನ್ನು ಹತ್ತಾರು ಗುಂಡಿಗಳಿಗೆ ಹಂಚುವಾಗ ಕೊನೆಯ ಗುಂಡಿಗೆ ಸಿಗುವುದು ತಣ್ಣನೆಯ ಹೆಂಟೆ. ತಣ್ಣಗಾದದ್ದು ಎಷ್ಟು ತುಳಿದರೂ ಬಿಗಿಯಾಗುವುದಿಲ್ಲ. ಬಿಗಿಯಾಗಿ ಕೂತ ಪದರದಲ್ಲಿ ಗಾಳಿಯ ರಂಧ್ರಗಳ ಪ್ರಮಾಣ ಶೇ 8ರೊಳಗೆ ಇರುತ್ತದೆ. ಅದು ಮೀರಿದರೆ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿಯಾಗುತ್ತವೆ. ತೇಪೆ ಕಿತ್ತು ಬರುವುದು ಹೀಗೆ.

ಇಷ್ಟನ್ನೂ ಸರಿಯಾಗಿ ಮಾಡಿದರೂ ನಿಮ್ಮ ತಿರುವಿನ ನೀರು ಹೋಗದಿದ್ದರೆ ಪ್ರಯೋಜನವಿಲ್ಲ. 7 ಮೀಟರ್ ಅಗಲದ ಡಾಂಬರು ರಸ್ತೆಯ ನಡುಭಾಗ ಅಂಚಿಗಿಂತ 7ರಿಂದ 9 ಸೆಂಟಿಮೀಟರ್ ಎತ್ತರವಿರಬೇಕು. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಡಾಂಬರು ಹಾಸುತ್ತ ಬಂದ ಬೀದಿಗಳಲ್ಲಿ ಈ ಇಳಿಜಾರು ಅಳಿಸಿಹೋಗಿದೆ. ಕೆಲವೆಡೆ ಚರಂಡಿಯ ಬಾಯಿ ರಸ್ತೆಗಿಂತ ಎತ್ತರದಲ್ಲಿದೆ, ಕೆಲವೆಡೆ ಮಣ್ಣು ಮತ್ತು ಪ್ಲಾಸ್ಟಿಕ್ ತುಂಬಿ ಮುಚ್ಚಿದೆ. ಏಪ್ರಿಲ್‌ನ ಮೊದಲ ಮಳೆಗೆ ಮುನ್ನ ಆ ಬಾಯಿಯನ್ನು ಬಿಡಿಸುವಂತೆ ಪಟ್ಟು ಹಿಡಿಯಿರಿ. ಗುಂಡಿಯ ಫೋಟೊ ಕಳಿಸುವಾಗ ಚರಂಡಿಯ ಫೋಟೊವನ್ನೂ ಕಳಿಸಿ.

ಪ್ರಶ್ನೆ: ಗುಂಡಿಗೆ ನಾವೇ ಮನೆ ಒಡೆದ ಇಟ್ಟಿಗೆ, ಸಿಮೆಂಟು ತುಂಡು ಹಾಕಬಹುದೇ?

ಉತ್ತರ: ಬೇಡವೇ ಬೇಡ. ಮೊದಲ ಮಳೆಗೆ ಚೂರುಗಳು ರಸ್ತೆಯ ತುಂಬ ಹರಡಿ ದ್ವಿಚಕ್ರ ವಾಹನದವರನ್ನು ಬೀಳಿಸುತ್ತವೆ.

ಪ್ರಶ್ನೆ: ವಿದೇಶದಲ್ಲಿ ನೀರು ಹೆಪ್ಪುಗಟ್ಟಿ ಗುಂಡಿ ಬೀಳುತ್ತದಂತೆ. ಇಲ್ಲಿಯೂ ಹಾಗೆಯೇ?

ಉತ್ತರ: ಇಲ್ಲ. ಬೆಂಗಳೂರಿನ ರಸ್ತೆಯೊಳಗೆ ನೀರು ಹೆಪ್ಪುಗಟ್ಟುವುದಿಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಬೆರೆಸಿದ ರಸ್ತೆಯಲ್ಲಿ ಗುಂಡಿ ಬೀಳುವುದೇ ಇಲ್ಲವೇ?

ಉತ್ತರ: ಮದುರೆಯ ಪ್ರಾಧ್ಯಾಪಕ ಆರ್. ವಾಸುದೇವನ್ ರೂಪಿಸಿದ ವಿಧಾನದಲ್ಲಿ ಬಿಸಿ ಜಲ್ಲಿಗೆ ಪ್ಲಾಸ್ಟಿಕ್‌ನ ಲೇಪ ಕೊಡುತ್ತಾರೆ. ಅದು ನೀರನ್ನು ತಡೆಯಲು ನೆರವಾಗುತ್ತದೆ, ನನಗೂ ಅದರ ಮೇಲೆ ಗೌರವವಿದೆ. ಆದರೆ ಕುಸಿದ ತಳವನ್ನಾಗಲಿ ಕಸ ಕಟ್ಟಿಕೊಂಡ ಚರಂಡಿಯನ್ನಾಗಲಿ ಅದು ಸರಿಮಾಡುವುದಿಲ್ಲ. ಅದರ ಹೆಸರು ಹೇಳಿ ಹತ್ತು ವರ್ಷದ ಖಾತರಿ ಕೊಡುವ ಮಾರಾಟಗಾರರನ್ನೂ, ನೀರಿಗೆ ಸುರಿದರೆ ಗುಂಡಿ ಮಾಯ ಎನ್ನುವ ಪುಡಿ ಮಾರುವವರನ್ನೂ ಬಾಗಿಲಿನಿಂದಲೇ ಕಳಿಸಿ. ಬಿಸಿ ಮಾಡದೆಯೇ ಬಳಸಲೆಂದು ತಯಾರಿಸಿ ಚೀಲದಲ್ಲಿ ಬರುವ ತಣ್ಣನೆಯ ಮಿಶ್ರಣಕ್ಕೆ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡವಿದೆ. ಮಳೆಗಾಲದ ತುರ್ತಿಗೆ ಅದನ್ನು ಬಳಸಲಿ. ಬೇಸಿಗೆಯಲ್ಲಿ ಅದೇ ಜಾಗವನ್ನು ಕತ್ತರಿಸಿ ಮತ್ತೆ ಸರಿಯಾಗಿ ಮುಚ್ಚಲಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಸ್ಕೂಟರು, ಕಾರುಗಳೇ ಹೆಚ್ಚು. ಆದರೂ ರಸ್ತೆ ಹಾಳಾಗಿದೆಯಲ್ಲ?

ಉತ್ತರ: ನೀರಿನ ಟ್ಯಾಂಕರ್‌ಗಳನ್ನು ಲೆಕ್ಕ ಹಾಕಿ. ಚಕ್ರಗಳ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರರಷ್ಟಾಗುತ್ತದೆ. ಅದರ ಜೊತೆಗೆ ಟ್ಯಾಂಕರ್ ದಾರಿಯುದ್ದಕ್ಕೂ ನೀರು ಸೋರಿಸುತ್ತದೆ. ಕೇಬಲ್ ಅಥವಾ ಕೊಳವೆಗಾಗಿ ಅಗೆದ ಗೆರೆಯ ಮೇಲೆಯೇ ರಸ್ತೆ ಕುಸಿದಿದ್ದರೆ ಕಾರಣ ಬೇರೆ. ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡದೆ ಒಂದೇ ಸಲ ತುಂಬಿದ್ದಾರೆ. ಗುತ್ತಿಗೆಯ ದೋಷ ಹೊಣೆಗಾರಿಕೆ ಅವಧಿ ಮುಗಿದಿಲ್ಲದಿದ್ದರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಅದನ್ನು ಸರಿಮಾಡಬೇಕು. ಆ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ವಾರ್ಡ್ ಎಂಜಿನಿಯರ್ ಅವರಿಂದ ಲಿಖಿತವಾಗಿಯೇ ಪಡೆಯಿರಿ.